ಮೆಷಿನ್ ಇದೆ, ಊದಿಸುವವರು ಬೇಕು

ಆತ್ಮೀಯರೇ,

ಜೀವನಪೂರ್ತಿ ಊದುಗೊಳವೆ ಹಿಡಿದು ಒಲೆ ಊದಿದ ಅಜ್ಜಿಯ ಕೈಗೆ ಇನ್ನೊಂದು ಕೊಳವೆ ಕೊಟ್ಟು ‘ಊದಿ’ ಅಂದರೆ ಮೊದಲು ನಗುತ್ತಾರೆ. ಆಮೇಲೆ ಒಲೆಗೆ ಊದಿದ ಹಾಗೇ ಮೆಲ್ಲಗೆ ಊದುತ್ತಾರೆ. ಉಸಿರು ಅಳೆಯುವ ಮೆಷಿನ್ನಿಗೆ, ಅಂದರೆ ಸ್ಪೈರೋಮೀಟರಿಗೆ, ಅದು ಸಾಲದು. ಎದೆ ತುಂಬ ಉಸಿರು ಎಳೆದುಕೊಂಡು, ಒಂದೇ ಏಟಿಗೆ ಜೋರಾಗಿ ಬಿಟ್ಟು, ಆರೇಳು ಸೆಕೆಂಡು ಬಿಡುತ್ತಲೇ ಇರಬೇಕು. ಅದೂ ಮೂರು ಸಲ, ಒಂದಕ್ಕೊಂದು ತಾಳೆಯಾಗುವ ಹಾಗೆ. ‘ನಿಲ್ಲಿಸ್ಬೇಡಿ ಅವ್ವ, ಇನ್ನೂ, ಇನ್ನೂ!’ ಎಂದು ಪಕ್ಕದಲ್ಲಿ ಕೂಗುವವರು ಇಲ್ಲದಿದ್ದರೆ ಮೆಷಿನ್ ಕೊಡುವ ರಿಪೋರ್ಟು ಸುಮ್ನೆ ಒಂದು ಕಾಗದ.

ನಮ್ಮ ಟ್ರಸ್ಟಿನಲ್ಲಿ ಹಾಗೆ ಕೂಗುವವರು ಒಬ್ಬರೇ, ನಮ್ಮ ಮೇಡಂ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳುತ್ತ ಕೆಲಸ ಶುರು ಮಾಡಿದವರು. ಆಮೇಲೆ ವರ್ಷಗಟ್ಟಲೆ ರೆಸ್ಪಿರೇಟರಿ ಥೆರಪಿ (ಉಸಿರಾಟದ ಚಿಕಿತ್ಸೆ) ಪಾಠ ಹೇಳಿದರು. ಅವರ ಹತ್ತಿರ ಕಲಿತವರು ದೊಡ್ಡ ಊರುಗಳಿಗೆ, ಗಲ್ಫಿಗೆ ಹೋದರು. ತಪ್ಪೇನಿಲ್ಲ, ಸಂಬಳ ಅಲ್ಲಿದೆ. ನಿವೃತ್ತಿಯಾದ ಮೇಲೆ ಮೇಡಂ ಮಾತ್ರ ನಂಜನಗೂಡಿನ ಕಡೆಯ ಹಳ್ಳಿಗಳಿಗೆ ಬಂದರು.

ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ಅದರ ಲೆಕ್ಕ ಸುಲಭ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂರುತ್ತೀರಿ, ಎಷ್ಟು ವರ್ಷದಿಂದ? ಎರಡನ್ನೂ ಗುಣಿಸಿ. 60 ದಾಟಿದರೆ ವರ್ಷಾನುಗಟ್ಟಲೆ ಬಿಡದ ಕೆಮ್ಮು, ಕಫದ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ 4 ಗಂಟೆಯಂತೆ 15 ವರ್ಷ ಸಾಕು. 18ಕ್ಕೆ ಮದುವೆಯಾಗಿ ಬಂದ ಸೊಸೆ 33ಕ್ಕೇ ಅಲ್ಲಿಗೆ ಮುಟ್ಟುತ್ತಾಳೆ. ಬೀಡಿ ಮುಟ್ಟದವಳು!

ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆಯಲ್ಲ ಅಂತೀರಾ? 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಸಿಲಿಂಡರ್ ಬಂದಿದೆ, ನಿಜ. ಟೀ, ಸಾರು ಅದರಲ್ಲಿ. ಮುದ್ದೆಯ ಎಸರು, ಹಂಡೆ ನೀರು ಇನ್ನೂ ಸೌದೆಯಲ್ಲೇ.

ಮೇಡಂ ಆಶಾ ಕಾರ್ಯಕರ್ತೆಯರಿಗೆ ಇನ್ಹೇಲರ್ ಹಿಡಿಯುವುದನ್ನೂ ಕಲಿಸುತ್ತಾರೆ. ‘ಪಂಪ್ ಅಭ್ಯಾಸವಾದರೆ ಬಿಡಿಸೋಕಾಗಲ್ಲ’ ಎಂಬ ಹೆದರಿಕೆ ಊರಲ್ಲಿ ಜಾಸ್ತಿ. ಮಾತಿನಲ್ಲಿ ಹೇಳಿದರೆ ಅದು ಹೋಗಲ್ಲ. ಇನ್ಹೇಲರಿಗೆ ಸ್ಪೇಸರ್ (ಔಷಧಿ ಹಿಡಿದಿಡುವ ಕೊಳವೆ) ಹಾಕಿ, ಎದುರಿಗೆ ಕೂತು ಎಳೆಸಿ ತೋರಿಸಬೇಕು.

ಜೊತೆಗೆ, ಒಪ್ಪಿದವರ ಉಸಿರನ್ನು ಪ್ರತಿ ವರ್ಷ ಅಳೆದು ಬರೆದಿಡುತ್ತಿದ್ದೇವೆ. ಅದೇ ಜನ, ಅದೇ ಪರೀಕ್ಷೆ. ಯಾರ ಉಸಿರು ಎಷ್ಟು ಬೇಗ ಇಳಿಯುತ್ತಿದೆ ಅನ್ನೋದು ಹಾಗೆ ಮಾತ್ರ ಗೊತ್ತಾಗುತ್ತದೆ. ಕಳೆದ ವರ್ಷ ಒಂದು ಕ್ಯಾಂಪಿನಲ್ಲಿ ಮೆಷಿನ್ ತಪ್ಪು ತೋರಿಸುತ್ತಿತ್ತು. ಸಂಜೆ ತಿಳಿಯಿತು. ಇಡೀ ದಿನದ ರೀಡಿಂಗನ್ನು ಮೇಡಂ ಹೊಡೆದುಹಾಕಿಸಿದರು. ನಮಗೆ ಹೊಟ್ಟೆ ಉರಿಯಿತು, ಆದರೆ ಅವರು ಮಾಡಿದ್ದೇ ಸರಿ.

ಹಾಗಾಗಿ ಮೊದಲು ಬೇಕಿರುವುದು ಮೆಷಿನ್ ಸರಿ ಇದೆಯಾ ಎಂದು ಬೆಳಿಗ್ಗೆ ನೋಡುವ 3 ಲೀಟರಿನ, ಗಾಳಿ ತಳ್ಳುವ ಸಿರಿಂಜ್. ಅದಕ್ಕಿಂತ ಮುಖ್ಯವಾಗಿ, ಮೇಡಂ ಹತ್ತಿರ ಕಲಿಯಲು ಇದೇ ಊರುಗಳ ಇಬ್ಬರು ಹುಡುಗಿಯರು. ತಿಂಗಳಿಗೆ ತಲಾ ₹12,000, ವರ್ಷಕ್ಕೆ ₹2,88,000. ₹500 ಕೊಟ್ಟರೂ ಒಬ್ಬರ ಸ್ಪೇಸರ್ ಖರ್ಚಿಗೆ ಆಗುತ್ತದೆ. ಹಳೆಯ ಆಕ್ಸಿಜನ್ ಕಾನ್ಸಂಟ್ರೇಟರ್ ಮಾತ್ರ ದಯವಿಟ್ಟು ಕಳಿಸಬೇಡಿ. ಕೋವಿಡ್ ಕಾಲದ ಮೂರು ಮೆಷಿನ್ ಈಗಾಗಲೇ ಮೂಲೆಯಲ್ಲಿ ಕೂತಿವೆ.

₹2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗಲ್ಲ. ಚೆಕ್ ಅಥವಾ ಯುಪಿಐನಲ್ಲಿ ಕೊಡಿ, ರಸೀದಿ ಕಳಿಸುತ್ತೇವೆ. ಕ್ಯಾಂಪಿಗೂ ಒಮ್ಮೆ ಬನ್ನಿ. ಬಂದವರನ್ನು ಮೇಡಂ ಊದಿಸದೆ ಕಳಿಸುವುದಿಲ್ಲ.

ಇಂತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ