ಆ ರಾತ್ರಿ ಚಾರ್ಮಾಡಿ ಇಳಿಸಿದವರಿಗೆ

ನಿನ್ನೆ ಬೆಳಗ್ಗೆ ಅಪ್ಪ ಮನೆಯಿಂದ ಮೇಲಿನ ತೋಟದ ಗೇಟಿನವರೆಗೆ ನಡೆದರು. ದಾರಿಯಲ್ಲಿ ಎರಡು ಕಡೆ ನಿಂತರು. ಸುಸ್ತಾಗಿ ಅಲ್ವಂತೆ, ಮೆಣಸಿನ ಬಳ್ಳಿ ನೋಡೋಕಂತೆ. ಇರಲಿ. ವಾಪಸ್ ಬಂದು ಕಾಫಿಗೆ ಸಕ್ಕರೆ ಸಾಲದು ಅಂತ ಅಮ್ಮನ ಹತ್ತಿರ ಜಗಳ ತೆಗೆದರು. ಆಗ ನನಗೆ ಅನ್ನಿಸಿತು, ಇನ್ನು ಧೈರ್ಯವಾಗಿ ಬರೆಯಬಹುದು.

ಜುಲೈನ ಆ ರಾತ್ರಿ ಅಪ್ಪನಿಗೆ ಏನಾಯಿತು, ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಏನು ಮಾಡಿದರು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಮೂಡಿಗೆರೆಯಲ್ಲಿ ನನಗಿಂತ ಮೊದಲು ಗೊತ್ತಾದವರೇ ಜಾಸ್ತಿ. ಅದನ್ನು ಬಿಡುತ್ತೇನೆ.

ನಾನಾಗ ಮಾರಿಷಸ್‌ನಲ್ಲಿದ್ದೆ. ಅಲ್ಲಿನ ಮಾಹೆಬೂರ್ ಅನ್ನೋ ಊರಿನಲ್ಲಿ ವಾಸ, ಕೆಲಸ ಮಾತ್ರ ದಡದಿಂದ ಒಂದು ಕಿಲೋಮೀಟರೂ ಇಲ್ಲದ ಇಲ್ ಓ ಜೆಗ್ರೆಟ್ ಅನ್ನೋ ಪುಟ್ಟ ದ್ವೀಪದಲ್ಲಿ. 26 ಹೆಕ್ಟೇರು. ನಮ್ಮ ಲೆಕ್ಕದಲ್ಲಿ 64 ಎಕರೆ, ಒಂದು ನಡುತರದ ಕಾಫಿ ತೋಟದಷ್ಟು. ಮಾರಿಷಸ್‌ನ ಕರಾವಳಿಯಲ್ಲಿ ಒಂದು ಕಾಲಕ್ಕೆ ಇದ್ದ ಎಬೊನಿ ಕಾಡಿನ ಚೂರೊಂದು ಅಲ್ಲಿ ಉಳಿದಿದೆ. ನಮ್ಮ ಬೀಡಿ ಎಲೆಯ ತೂಬರೆ ಮರದ ನೆಂಟ ಅದು. ಹೊರಗಿನಿಂದ ಬಂದ ಗಿಡ ಕೀಳೋದು, ಅಲ್ಲಿಯದೇ ಸಸಿ ನೆಡೋದು, ಇದೇ ಕೆಲಸ. ಸಂಬಳ ಇಲ್ಲ. ಕೀಳೋ ಗಿಡ ಯಾವುದು ಅಂದರೆ, ನಗಬೇಡಿ, ನಮ್ಮಲ್ಲಿ ಮೇವಿಗೆ ಬೆಳೆಸೋ ಸುಬಾಬುಲ್.

ಹೊರಡೋ ಮುಂಚೆ ಇದನ್ನು ನಮ್ಮ ತೋಟದ ಲೆಕ್ಕ, ಆಳುಗಳ ಹಾಜರಿ ನೋಡಿಕೊಳ್ಳೋ ರೈಟರಿಗೆ ಹೇಳಿದ್ದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಇಲ್ಲೂ ಅವರು ರೈಟ್ರಣ್ಣನೇ. ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಹೇಳಿದ್ದು ಇಷ್ಟೇ: "ಸುಬಾಬುಲ್ ಕೀಳೋಕೆ ವಿಮಾನ ಹತ್ತಬೇಕಾ ಪುಟ್ಟಮ್ಮ? ನಮ್ಮ ಹಳ್ಳದ ಬದಿ ಲಂಟಾನ ಯಾರು ಕೀಳ್ತಾರೆ?"

ಕೋಪ ಬಂದಿತ್ತು. ಉತ್ತರ ಮಾತ್ರ ಇರಲಿಲ್ಲ.

ಜುಲೈ ತಿಂಗಳ ಆ ರಾತ್ರಿ ಇಲ್ಲಿ ಹನ್ನೊಂದು, ಅಲ್ಲಿ ಒಂಬತ್ತೂವರೆ. ಅಮ್ಮನ ಫೋನು. ಆಂಬುಲೆನ್ಸ್ ತಡವಾಗುತ್ತೆ ಅಂದರಂತೆ. ರೈಟ್ರಣ್ಣ ಕಾಯಲಿಲ್ಲ. ಜೀಪಿನ ಹಿಂದೆ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಕಟ್ಟಿ, ಅಪ್ಪನನ್ನು ಮಲಗಿಸಿಕೊಂಡು ಹೊರಟೇಬಿಟ್ಟರು. ಮಲೆನಾಡಿನ ಜುಲೈ ಮಳೆ ನಿಮಗೆ ಹೇಳಬೇಕಾಗಿಲ್ಲ. ಕೊಟ್ಟಿಗೆಹಾರ ದಾಟಿದ ಮೇಲೆ ಫೋನು ಸಿಗಲಿಲ್ಲ.

ಘಾಟಿಯಲ್ಲಿ ರಸ್ತೆಗೆ ಅಡ್ಡ ಮರ ಬಿದ್ದಿತ್ತು ಅಂತ ಆಮೇಲೆ ಗೊತ್ತಾಯಿತು. ಜೀಪಿನಲ್ಲಿದ್ದದ್ದು ಮರಕಸಿಯ, ಅಂದರೆ ತೋಟದ ನೆರಳಿನ ಮರದ ಕೊಂಬೆ ಸವರೋ ಒಂದು ಕತ್ತಿ. ಅದರಲ್ಲೇ ಕೊಂಬೆ ಸವರಲು ಶುರು ಮಾಡಿದ್ದಾರೆ. ಕೆಳಗಿನಿಂದ ಬಂದ ಲಾರಿಯವರು ಇಳಿದು ಕೈಹಾಕಿದ್ದಾರೆ, ಹಗ್ಗ ಕಟ್ಟಿ ಎಳೆದಿದ್ದಾರೆ. ನಡುನಡುವೆ ರೈಟ್ರಣ್ಣ ಓಡಿ ಬಂದು ಟಾರ್ಚಿನ ಬೆಳಕು ಬಿಟ್ಟು ಅಪ್ಪನ ಮುಖ ನೋಡಿ ಹೋಗುತ್ತಿದ್ದರಂತೆ. ಅಮ್ಮ ಇದನ್ನು ಹೇಳುವಾಗಲೆಲ್ಲ ಇಲ್ಲಿಗೆ ನಿಲ್ಲಿಸುತ್ತಾರೆ.

ಸಿಗ್ನಲ್ ಇಲ್ಲದ ಆ ಒಂದೂಮುಕ್ಕಾಲು ಗಂಟೆ ನಾನೇನು ಮಾಡಿದೆ ಗೊತ್ತಾ? ಉಗುರು ಕ್ಲೀನ್ ಮಾಡಿದೆ. ಆ ದ್ವೀಪದಲ್ಲಿ ಮಣ್ಣು ಕಡಿಮೆ, ಎಲ್ಲ ಹವಳದ ಕಲ್ಲು. ಹಾರೆ ಹಾಕಿಯೇ ಗುಂಡಿ ತೆಗೆಯಬೇಕು. ಅದರ ಬಿಳಿ ಪುಡಿ ಉಗುರಿನ ಸಂದಿಯಲ್ಲಿ ಕೂತರೆ ನೀರಿಗೆ ಹೋಗಲ್ಲ. ಪಿನ್ನು ತಗೊಂಡು ಒಂದೊಂದೇ ಬೆರಳು ಕೆರೆದೆ, ರಕ್ತ ಬಂದರೂ ಬಿಡಲಿಲ್ಲ. ಯಾರದೋ ದ್ವೀಪ, ಯಾರದೋ ಕಾಡು, ನಿನ್ನ ಅಪ್ಪ ಎಲ್ಲಿ ಮಲಗಿದ್ದಾರೆ ಅಂತ ನನ್ನನ್ನು ನಾನೇ ಬೈದುಕೊಂಡೆ. ಇನ್ನೂ ಏನೇನೋ ಅಂದುಕೊಂಡೆ. ಅದನ್ನು ಬರೆಯಲ್ಲ.

ಇಲ್ಲಿನ ಗಂಟೆಯಲ್ಲಿ ಎರಡಾಗಿತ್ತು, ಫೋನು ಬಂತು. "ಉಜಿರೆ ಬಂತು ಪುಟ್ಟಮ್ಮ. ಅಪ್ಪಾವ್ರು ಮಾತಾಡ್ತಿದ್ದಾರೆ. ನನ್ನ ಡ್ರೈವಿಂಗಿಗೆ ಬೈತಿದ್ದಾರೆ."

ಅಷ್ಟು ಹೊತ್ತು ಬಾರದ ಅಳು ಆಗ ಬಂತು.

ನಾನು ಮಂಗಳೂರು ತಲುಪಿದ್ದು ಐದನೇ ದಿನ. ವಾರ್ಡಿನ ಹೊರಗೆ ರೈಟ್ರಣ್ಣ ಹಂಪನಕಟ್ಟೆಯಲ್ಲಿ ಕೊಂಡ ಹೊಸ ಲುಂಗಿ ಉಟ್ಟು ಚಾಪೆ ಮೇಲೆ ಕೂತಿದ್ದರು. ನಾಲ್ಕು ರಾತ್ರಿ ಅಲ್ಲೇ. ಔಷಧಿ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ತಿಂಡಿ ಆಯ್ತಾ?"

ಅವತ್ತು ಸಂಜೆ ಅಪ್ಪ, ಅಲ್ಲೇನು ಮಾಡಿದೆ ಹೇಳು ಅಂದರು. ಬೇಸರ ಕಳೆಯೋಕೆ ಸುಮ್ನೆ ಹೇಳುತ್ತಾ ಹೋದೆ. ಹಡಗಿನಲ್ಲಿ ಬಂದು ಸೇರಿದ್ದ ಇಲಿಗಳನ್ನು ಆ ದ್ವೀಪದಿಂದ 1991ರಲ್ಲೇ ಪೂರ್ತಿ ತೆಗೆದಿದ್ದಾರೆ ಅಂದೆ. ಮಂಚದ ಕಾಲ ಹತ್ತಿರ ನಿಂತಿದ್ದ ರೈಟ್ರಣ್ಣ, "ಪೂರ್ತಿನಾ? ಯಾವ ಪಾಷಾಣ ಇಟ್ರಂತೆ?" ಅಂತ ಕಿವಿ ನಿಮಿರಿಸಿದರು. ಆಮೆಗಳ ವಿಷಯ ಹೇಳಿದೆ. ಮಾರಿಷಸ್‌ನ ದೈತ್ಯ ಆಮೆಗಳು ಎಂದೋ ನಾಶವಾದವು. ಅವುಗಳ ಜಾಗಕ್ಕೆ 2000ದಲ್ಲಿ ಸೇಶೆಲ್ಸ್ ಕಡೆಯ ಅಲ್ಡಾಬ್ರಾ ಆಮೆಗಳನ್ನು ತಂದು ಬಿಟ್ಟರು. ಅವು ಎಬೊನಿ ಹಣ್ಣು ತಿಂದು ಬೀಜ ಬೇರೆ ಕಡೆ ಉದುರಿಸುತ್ತವೆ, ಹೊಟ್ಟೆಯೊಳಗಿಂದ ಬಂದ ಬೀಜ ಚೆನ್ನಾಗಿ ಮೊಳೆಯುತ್ತೆ. "ನಮ್ಮ ಕಬ್ಬೆಕ್ಕು ಕಾಫಿ ಹಣ್ಣು ತಿಂದ ಹಾಗೆ" ಅಂದರು ಅಪ್ಪ. ಆಸ್ಪತ್ರೆ ಸೇರಿದ ಮೇಲೆ ಅವರು ತೋಟದ ಮಾತು ಎತ್ತಿದ್ದು ಅದೇ ಮೊದಲು. ರೈಟ್ರಣ್ಣ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಉಳಿದವರಿಗೂ ಹೇಳಬೇಕು. ಘಾಟಿಯಲ್ಲಿ ಹಗ್ಗ ಎಳೆದ ಹೆಸರು ಗೊತ್ತಿಲ್ಲದ ಲಾರಿಯವರು, ಡಾಕ್ಟರು, ನರ್ಸುಗಳು, ಟಿಕೆಟ್ಟಿಗೆ ಓಡಾಡಿದ ಗೆಳತಿ, ಮನೆಗೆ ದಿನಾ ಅಕ್ಕಿ ರೊಟ್ಟಿ ಕಳಿಸಿದ ಪಕ್ಕದ ತೋಟದ ಅತ್ತೆ, ನಾನು ಬಿಟ್ಟು ಬಂದ ಸಸಿಗಳನ್ನು ನೆಟ್ಟು ಫೋಟೋ ಕಳಿಸಿದ ದ್ವೀಪದ ಜೊತೆಗಾರರು, ಎಲ್ಲರಿಗೂ ನಮಸ್ಕಾರ. ಮಾಹೆಬೂರಿನ ಮನೆಯ ಅಜ್ಜಿಗೂ. 2020ರಲ್ಲಿ ವಕಾಶಿಯೊ ಹಡಗಿನ ಎಣ್ಣೆ ಅವರ ಕಡಲಿಗೆ ಸೋರಿದಾಗ, ಅದನ್ನು ತಡೆಯೋಕೆ ಊರಿನವರೆಲ್ಲ ಕೂತು ಕಬ್ಬಿನ ಸೋಗೆ ತುಂಬಿ ಉದ್ದುದ್ದ ಚೀಲ ಹೊಲಿದಿದ್ದರು, ಈ ಅಜ್ಜಿಯೂ ಹೊಲಿದವರೇ. ಆ ರಾತ್ರಿ ನನ್ನ ಕೈಯಿಂದ ಪಿನ್ನು ಕಿತ್ತುಕೊಂಡವರು ಇವರು.

ಹೋದ ವಾರ ಸಂಬಳದ ಲೆಕ್ಕಕ್ಕೆ ಅಂತ ಜುಲೈನ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ತೆಗೆದೆ. ನಮ್ಮ ರೈಟ್ರಣ್ಣ ಒಂದು ಮೊಳೆಯನ್ನೂ ಬರೆಯದೆ ಬಿಡುವವರಲ್ಲ. ಜೀಪಿನ ಡೀಸೆಲ್ ಎಲ್ಲೂ ಬರೆದಿಲ್ಲ. ಮಂಗಳೂರಿನಲ್ಲಿದ್ದ ಅಷ್ಟೂ ದಿನ ತಮ್ಮ ಹೆಸರಿನ ಮುಂದೆ "ಗೈರು" ಅಂತ ನೀಟಾಗಿ ಬರೆದುಕೊಂಡಿದ್ದಾರೆ.

ತಿದ್ದೋಕೆ ಹೋಗಿ ಬೈಸಿಕೊಂಡೆ. ಚೆಕ್‌ರೋಲ್‌ನಲ್ಲಿ ಗೀಚಬಾರದಂತೆ. ಸೋಮವಾರದಿಂದ ಹಳ್ಳದ ಬದಿ ಲಂಟಾನ ಕೀಳೋ ಆಳುಗಳ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದಿದ್ದಾರೆ, ಅರ್ಧ ಹಾಜರಿಗೆ.