ಬಿಡಿ ನಕ್ಷೆ, ಬಿಡಿ ಚಿತ್ರ ಇನ್ನು ಮಾರುವುದಿಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ಹಳೆಯ ಪುಸ್ತಕಗಳನ್ನು ಬಿಚ್ಚಿ ಅದರೊಳಗಿನ ನಕ್ಷೆ, ಚಿತ್ರಗಳನ್ನು ಒಂದೊಂದಾಗಿ ಮಾರುವುದನ್ನು ನಮ್ಮ ಸಹಕಾರಿ ಈ ತಿಂಗಳಿಂದ ನಿಲ್ಲಿಸಿದೆ. ಇನ್ನು ಮುಂದೆ ಪುಸ್ತಕ ಇಡಿಯಾಗಿ ಮಾತ್ರ ಸಿಗುತ್ತದೆ. ಫ್ರೇಮ್ ಹಾಕಿಸುವುದಕ್ಕೆ ಬಿಡಿ ಹಾಳೆ ಕೊಳ್ಳುವವರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ. ಹಾಗಾಗಿ ಸುಮ್ನೆ ಒಂದು ಸಾಲಿನ ಸೂಚನೆ ಕಳಿಸಿ ಮುಗಿಸುವುದು ಸರಿ ಅನ್ನಿಸಲಿಲ್ಲ.

ಈ ತೀರ್ಮಾನಕ್ಕೆ ಬರುವಂತೆ ಮಾಡಿದ್ದು ಈಗ ನಮ್ಮ ಕಪಾಟಿನಲ್ಲಿರುವ ಒಂದು ಪುಸ್ತಕ. ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಚರಿತ್ರೆ ಅದು. ಬರೆದವನು ಆಂಟೋನಿಯೋ ದೆ ಸೋಲಿಸ್. ಮೂಲ ಸ್ಪ್ಯಾನಿಷ್ ಪುಸ್ತಕ 1684ರಲ್ಲಿ ಮ್ಯಾಡ್ರಿಡ್‌ನಲ್ಲಿ ಬಂತು. ನಮ್ಮಲ್ಲಿರುವುದು ಥಾಮಸ್ ಟೌನ್‌ಸೆಂಡ್ ಮಾಡಿದ ಇಂಗ್ಲಿಷ್ ಅನುವಾದ, 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ದೊಡ್ಡ ಆಕಾರ, ದಪ್ಪ ಕಾಗದ, ಒಳಗೆ ತಾಮ್ರದ ತಗಡಿನಿಂದ ಅಚ್ಚೊತ್ತಿದ ಚಿತ್ರಗಳು, ಮಡಚಿಟ್ಟ ನಕ್ಷೆ. ಚಿತ್ರದ ಸುತ್ತ ಬೆರಳಾಡಿಸಿದರೆ ತಗಡು ಒತ್ತಿದ ಗೆರೆ ಇವತ್ತಿಗೂ ಕೈಗೆ ಸಿಗುತ್ತದೆ.

ಪುಸ್ತಕ ಬಂದ ಸುದ್ದಿ ತಿಳಿದ ಕೂಡಲೇ ಬಂದ ಪ್ರಶ್ನೆ ಒಂದೇ: "ನಕ್ಷೆ ಒಂದನ್ನೇ ಕೊಡ್ತೀರಾ?" ಮೆಕ್ಸಿಕೋ ಗೆದ್ದ ಸ್ಪೇನಿನ ಸೇನಾಪತಿ ಕೊರ್ಟೆಸ್‌ನ ಭಾವಚಿತ್ರವನ್ನೂ ಕೇಳಿದರು. ಕೇಳಿದವರ ಮೇಲೆ ನಮಗೆ ಬೇಸರ ಇಲ್ಲ. ಈ ವ್ಯಾಪಾರ ನಡೆಯುವುದೇ ಹಾಗೆ. ಚಿತ್ರ ಜಾಸ್ತಿ ಇರುವ ಪುಸ್ತಕವನ್ನು ಇಡಿಯಾಗಿ ಮಾರುವುದಕ್ಕಿಂತ ಹಾಳೆ ಬಿಡಿಸಿ ಮಾರಿದರೆ ಎಷ್ಟೋ ಸಲ ಹೆಚ್ಚು ದುಡ್ಡು ಬರುತ್ತದೆ. ಆದ್ದರಿಂದಲೇ ಇಂಥ ಪುಸ್ತಕಗಳು ಪೂರ್ತಿಯಾಗಿ ಸಿಗುವುದು ಕಷ್ಟವಾಗಿದೆ. ನಕ್ಷೆ ಕಿತ್ತ ಪ್ರತಿಗಳನ್ನು ನಾವು ನೋಡುತ್ತಲೇ ಇರುತ್ತೇವೆ. ಹೊಲಿಗೆಯ ಹತ್ತಿರ ಕತ್ತರಿಸಿದ ಅಂಚು ಉಳಿದಿರುತ್ತದೆ. ಎದುರು ಪುಟಕ್ಕೆ ಹತ್ತಿದ ಮಸಿಯಲ್ಲಿ ಇಲ್ಲದ ನಕ್ಷೆಯ ಕರಾವಳಿ ತೆಳ್ಳಗೆ ಕಾಣುತ್ತದೆ.

ಗೋಡೆಗೆ ಹೋದ ಚಿತ್ರಕ್ಕೆ ಏನು ನಷ್ಟ? ಈ ಪುಸ್ತಕದಲ್ಲಂತೂ ತುಂಬಾ ನಷ್ಟ. ಸೋಲಿಸ್ ನಾಟಕಕಾರ, ಕವಿ. 1661ರಿಂದ ಸ್ಪೇನ್ ಅರಮನೆಯ ಅಧಿಕೃತ ಚರಿತ್ರೆಕಾರ. ಅಮೆರಿಕಕ್ಕೆ ಅವನು ಕಾಲಿಟ್ಟಿರಲೇ ಇಲ್ಲ. ಕೊರ್ಟೆಸ್‌ನನ್ನು ವೀರನನ್ನಾಗಿ ನಿಲ್ಲಿಸುವುದು ಅವನ ಉದ್ದೇಶ, ಅದಕ್ಕಾಗಿ ಪಾತ್ರಗಳ ಬಾಯಲ್ಲಿ ಉದ್ದುದ್ದ ಭಾಷಣ ಇಡುತ್ತಾನೆ. ಆಗ ಅಲ್ಲಿ ಆಳುತ್ತಿದ್ದ ಅಜ್ಟೆಕ್ ದೊರೆ ಮೊಕ್ಟೆಜುಮಾ ಸತ್ತದ್ದು ತನ್ನದೇ ಜನ ಎಸೆದ ಕಲ್ಲಿನಿಂದ ಅನ್ನುತ್ತಾನೆ. ಅಲ್ಲಿನ ಮೂಲನಿವಾಸಿಗಳಾದ ನಹುವಾ ಜನರ ಕಡೆಯ ಹಲವು ಹೇಳಿಕೆಗಳು ಕೊಂದದ್ದು ಸ್ಪೇನಿನವರೇ ಅನ್ನುತ್ತವೆ. 1521ರ ಆಗಸ್ಟ್ 13ರಂದು ಅಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನ್ ಬಿದ್ದಲ್ಲಿಗೆ ಸೋಲಿಸ್ ಹೇಳುವ ಕಥೆ ಮುಗಿಯುತ್ತದೆ, ಗೆದ್ದ ಮೇಲೆ ಆ ಜನರ ಗತಿ ಏನಾಯಿತು ಅನ್ನುವುದು ಬರುವುದೇ ಇಲ್ಲ. ಪುಟ ತಿರುಗಿಸಿ ಓದಿದವರಿಗೆ ಈ ಪಕ್ಷಪಾತ ಗೊತ್ತಾಗುತ್ತದೆ. ಗೋಡೆಯ ಮೇಲಿರುವ ಕೊರ್ಟೆಸ್ ಬರೀ ಠೀವಿಯ ಸೇನಾಪತಿ, ಅಷ್ಟೇ ಅಲ್ವಾ?

ಅಚ್ಚಾದ ಊರು, ವರ್ಷ ಕೂಡ ಮಾತಾಡುತ್ತವೆ. ಯುರೋಪಿನ ದೊಡ್ಡ ಯುದ್ಧವೊಂದನ್ನು ಮುಗಿಸಿದ 1713ರ ಉಟ್ರೆಕ್ಟ್ ಒಪ್ಪಂದದ ಹೊತ್ತಿಗೆ, ಸ್ಪೇನಿನ ಹಿಡಿತದಲ್ಲಿದ್ದ ಅಮೆರಿಕಕ್ಕೆ ಆಫ್ರಿಕಾದ ಗುಲಾಮರನ್ನು ಸಾಗಿಸುವ ಗುತ್ತಿಗೆ ಇಂಗ್ಲೆಂಡಿಗೆ ಸಿಕ್ಕಿತ್ತು. ವರ್ಷಕ್ಕೆ 4,800 ಜನರಂತೆ 30 ವರ್ಷ! ಜೊತೆಗೆ ವರ್ಷಕ್ಕೊಂದು ಹಡಗು ಸರಕು ಮಾರುವ ಅನುಮತಿ. ಈ ಗುತ್ತಿಗೆ ಹಿಡಿದ ಸೌತ್ ಸೀ ಕಂಪನಿಯ ಷೇರು 1720ರಲ್ಲಿ ಕುಸಿದು ಎಷ್ಟೋ ಮನೆಗಳು ಹಾಳಾದವು. ಅದಾಗಿ ನಾಲ್ಕೇ ವರ್ಷಕ್ಕೆ ಈ ಪುಸ್ತಕ ಲಂಡನ್ನಿನ ಅಂಗಡಿಗಳಿಗೆ ಬಂತು. ಇದನ್ನು ಕೊಂಡು ಓದಿದವರ ಕಣ್ಣು ಯಾವ ಕಡೆ ಇತ್ತು ಎಂದು ಯೋಚಿಸುವುದಕ್ಕೆ ಮೊದಲ ಪುಟದಲ್ಲಿರುವ ಆ ಇಸವಿ ಬೇಕು. ಬಿಡಿ ಹಾಳೆಯಲ್ಲಿ ಅದು ಉಳಿಯುವುದಿಲ್ಲ.

ಗೆಲುವಿನ ಕಥೆಯ ಜೊತೆ ವ್ಯಾಪಾರದ ಕಥೆಯನ್ನೂ ಓದಬೇಕು ಅನ್ನುವವರಿಗೆ ವೇಯ್ತಿಯಾ ಲಿನಾಹೆಯ ಪುಸ್ತಕ ಹೇಳುತ್ತೇವೆ. 1672ರದ್ದು, ಜಾನ್ ಸ್ಟೀವನ್ಸ್ ಅದನ್ನು 1702ರಲ್ಲಿ ಇಂಗ್ಲಿಷಿಗೆ ತಂದ. ಅಮೆರಿಕದ ವ್ಯಾಪಾರವನ್ನೆಲ್ಲ ಹಿಡಿತದಲ್ಲಿಡಲು 1503ರಲ್ಲಿ ಸೆವಿಲ್‌ನಲ್ಲಿ ತೆರೆದ ಕಚೇರಿಯ ಕಾನೂನು, ಅಧಿಕಾರಿಗಳು, ಹಡಗುಗಳ ನಿಯಮ ಎಲ್ಲ ಅದರಲ್ಲಿದೆ. ಬರೆದವನು ಅದೇ ಕಚೇರಿಯಲ್ಲಿದ್ದವನು. ಈ ದಾರಿಯಲ್ಲಿ ಹರಿದ ಅಮೆರಿಕದ ಬೆಳ್ಳಿ ಪೋರ್ಚುಗೀಸರ ಕೈ ದಾಟಿ ಗೋವಾಕ್ಕೆ, ನಮ್ಮ ಕರಾವಳಿಯ ಕಾಳುಮೆಣಸಿನ ವ್ಯಾಪಾರಕ್ಕೂ ಬಂದಿದೆ. ಈ ಪುಸ್ತಕ ಸದ್ಯ ನಮ್ಮಲ್ಲಿಲ್ಲ. ಬೇಕಾದವರು ಹೆಸರು ಬರೆಸಿಡಿ, ಸಿಕ್ಕಾಗ ತಿಳಿಸುತ್ತೇವೆ.

ಈಗ ವ್ಯವಹಾರದ ಮಾತು. ಬಿಡಿ ಹಾಳೆಗೆ ಮುಂಗಡ ಕೊಟ್ಟವರಿಗೆ ಪೂರ್ತಿ ಹಣ ವಾಪಸ್ ಬರುತ್ತದೆ, ನೀವು ಕೇಳಬೇಕಾಗಿಲ್ಲ. ಮೊದಲೇ ಬಿಡಿಯಾಗಿ ನಮಗೆ ಬಂದಿರುವ ಹಾಳೆಗಳು ಮುಗಿಯುವವರೆಗೆ ಸಿಗುತ್ತವೆ, ಯಾವ ಪುಸ್ತಕದ್ದು ಎಂದು ಗೊತ್ತಿದ್ದರೆ ಬಿಲ್ಲಿನಲ್ಲಿ ಬರೆದು ಕೊಡುತ್ತೇವೆ. ಗೋಡೆಗೆ ಚಿತ್ರ ಬೇಕು ಅನ್ನುವವರಿಗೆ ಒಳ್ಳೆಯ ಕಾಗದದ ಮೇಲೆ ಅದೇ ಅಳತೆಯ ಪ್ರತಿ ಅಚ್ಚು ಹಾಕಿಸಿ ಕೊಡುತ್ತೇವೆ, ಮೂಲ ಹಾಳೆಗಿಂತ ಬೆಲೆ ತುಂಬಾ ಕಮ್ಮಿ. ಪುಸ್ತಕ ಮಾರುವಾಗ ಪುಟ, ಚಿತ್ರ, ನಕ್ಷೆ ಎಲ್ಲ ಎಣಿಸಿ, ಏನಾದರೂ ಇಲ್ಲದಿದ್ದರೆ ಅದನ್ನೂ ಬಿಲ್ಲಿನಲ್ಲಿ ಕಾಣಿಸುತ್ತೇವೆ.

ಇದರಿಂದ ನಮ್ಮ ಆದಾಯ ಕಮ್ಮಿಯಾಗುತ್ತದೆ. ಸದಸ್ಯರೆಲ್ಲ ಕೂತು ಲೆಕ್ಕ ಹಾಕಿಯೇ ಒಪ್ಪಿದ್ದಾರೆ. ಪುಸ್ತಕಗಳ ಬೆಲೆ ಇದಕ್ಕಾಗಿ ಏರಿಸುವುದಿಲ್ಲ.

ಸೋಲಿಸ್ ಪುಸ್ತಕ ಮಾರಾಟಕ್ಕಿದೆ. ಕೊಳ್ಳದಿದ್ದರೂ ಪರವಾಗಿಲ್ಲ, ಬಂದು ನೋಡಿ. ಮೊದಲೇ ತಿಳಿಸಿ ಬಂದರೆ ಮೇಜು ಖಾಲಿ ಮಾಡಿಟ್ಟಿರುತ್ತೇವೆ, ಮಡಚಿದ ನಕ್ಷೆ ಬಿಡಿಸಲು ಜಾಗ ಬೇಕು.

ಇಂತಿ ನಿಮ್ಮ,
ಹಳೆ ಪುಸ್ತಕ ವಿಭಾಗದ ಸದಸ್ಯರು