ಗರ್ಭಿಣಿಯ ವರ್ತನೆ ಬದಲಾದರೆ ಮಿದುಳನ್ನೂ ನೋಡಿ

ಮಾನ್ಯ ಸಂಪಾದಕರೇ,

ನನ್ನ ತಂಗಿ ಬಸುರಿಯಾಗಿದ್ದಾಗ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟಳು. ಗೋಡೆಯೊಳಗೆ ಯಾರೋ ಮಾತಾಡ್ತಿದ್ದಾರೆ ಅಂದಳು. ಆಮೇಲೆ ಅವಳ ಮಾತೇ ನಿಂತಿತು. ತುಟಿ ಮಾತ್ರ ಏನೋ ಅಗಿಯುವ ಹಾಗೆ ಆಡುತ್ತಲೇ ಇತ್ತು. ಬಸಿರಲ್ಲಿ ಇದೆಲ್ಲ ಸಹಜ ಅಂದರು ಕೆಲವರು. ಸಲಹೆಗೇನು ಬರಗಾಲವೇ, ಅಲ್ವಾ? ಮನೋರೋಗದ ಮಾತ್ರೆಯೂ ಶುರುವಾಯಿತು.

ಫಿಟ್ಸ್ ಬಂದಾಗ ಬಿಪಿ ನೋಡಿದರು, ಸರಿಯಾಗಿಯೇ ಇತ್ತು. ಎಂಆರ್‌ಐನಲ್ಲೂ ಏನೂ ಕಾಣಲಿಲ್ಲ. ಕೊನೆಗೆ ನರರೋಗ ತಜ್ಞರೊಬ್ಬರು ಬೆನ್ನಿನಿಂದ ನೀರು ತೆಗೆಸಿ ಪರೀಕ್ಷೆಗೆ ಕಳಿಸಿದರು. ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್! ದೇಹವನ್ನು ಕಾಯಬೇಕಾದ ಆಂಟಿಬಾಡಿಗಳೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆ. 2007ರಲ್ಲಷ್ಟೇ ವೈದ್ಯರು ಇದನ್ನು ಗುರುತಿಸಿದ್ದು. ಅಂಡಾಶಯದ ಟೆರಟೋಮಾ ಗಡ್ಡೆಯಿಂದಲೂ ಬರಬಹುದಂತೆ. ಸ್ಕ್ಯಾನ್ ಮಾಡಿದರು, ಇವಳಿಗೆ ಅದಿರಲಿಲ್ಲ.

ಆಂಟಿಬಾಡಿಗಳ ಆ ದಾಳಿ ತಗ್ಗಿಸಲು ಸ್ಟೀರಾಯ್ಡ್, ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಔಷಧಿಗಳನ್ನು ಕೊಟ್ಟರು. ಇವನ್ನು ಗರ್ಭಿಣಿಯರಿಗೂ ಕೊಡುತ್ತಾರೆ. ಮಗುವಿಗೆ ಏನಾಗುತ್ತೋ ಅಂತ ಸುಮ್ನೆ ಕಾಯುವುದೇ ಜಾಸ್ತಿ ಅಪಾಯ. ಅವಳ ಮಾತು ನಿಧಾನವಾಗಿ ಮರಳಿತು, ಹೆರಿಗೆಯೂ ಆಯಿತು.

ಹೆರಿಗೆ ವೈದ್ಯರಲ್ಲಿ ಒಂದು ವಿನಂತಿ. ತಪಾಸಣೆಯಲ್ಲಿ ತೂಕ, ಬಿಪಿ ನೋಡುತ್ತೀರಿ. ನಿದ್ದೆ, ಮಾತು, ನಡವಳಿಕೆ ದಿಢೀರ್ ಬದಲಾಗಿದೆಯೇ ಅಂತ ಜೊತೆಗೆ ಬಂದವರನ್ನೂ ಕೇಳಿ. ಬದಲಾಗಿದ್ದರೆ ನರರೋಗ ತಜ್ಞರ ಹತ್ತಿರ ಬೇಗ ಕಳಿಸಿ.

– ಒಬ್ಬ ಅಕ್ಕ